ನಿಂಗಿಯ ಜೊತೆ ತೂಗಿದ ಕಾಯಿ

ತೂಕದ ದಿನ ಬಂತೆಂದರೆ ರಾಮಲಕ್ಷ್ಮಮ್ಮನಿಗೆ ಬೆಳಗಿನಿಂದಲೇ ಎದೆ ಭಾರ. ದಂಡಿನಶಿವರದ ಆಚೆಗಿನ ಆ ಪುಟ್ಟ ಹಳ್ಳಿಯ ಅಂಗನವಾಡಿಗೆ ಅವಳು ಟೀಚರಾಗಿ ಬಂದು ಎರಡು ವರ್ಷವಾಗಿತ್ತು. ಮದುವೆಯಾಗಿ ಆರು ವರ್ಷವಾದರೂ ಮಡಿಲು ತುಂಬಲಿಲ್ಲವೆಂದು ಗಂಡನ ಮನೆಯವರು ತವರಿಗೆ ಬಿಟ್ಟು ಹೋಗಿದ್ದರು. ಕರೆಯಲು ಯಾರೂ ಬರಲಿಲ್ಲ. ಓದಿದ್ದ ಎಸ್ಸೆಸ್ಸೆಲ್ಸಿ ಕೈಹಿಡಿಯಿತು. ಮೂವತ್ತು ಮಕ್ಕಳಿಗೆ ಮೂಗೊರೆಸಿ, ಹಾಡು ಹೇಳಿಕೊಟ್ಟು, ಗೋಧಿನುಚ್ಚಿನ ಉಪ್ಪಿಟ್ಟು ಬಡಿಸುವಳು. ಸಂಜೆ ಬೀಗ ಹಾಕುವಾಗ ಮೂವತ್ತೂ ಮಕ್ಕಳು ಅವರವರ ಮನೆಗೆ ಹೋಗಿರುತ್ತಿದ್ದವು.

ನಿಂಗಿಯೊಬ್ಬಳು ಮಾತ್ರ ಕತ್ತಲಾಗುವವರೆಗೂ ಅವಳ ಸೊಂಟದ ಮೇಲೇ ಇರುತ್ತಿದ್ದಳು.

ನಿಂಗಿಯ ತಾಯಿ ಹೆರಿಗೆಯಲ್ಲೇ ಹೋಗಿದ್ದಳು. ಅಪ್ಪ ಕಾಫಿ ತೋಟದ ಕೂಲಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಸಾಕುತ್ತಿದ್ದವಳು ತಾಯಿಯ ತಾಯಿ ಹುಚ್ಚಕ್ಕ, ಕಣ್ಣಿಗೆ ಪೊರೆ ಬಂದ ಮುದುಕಿ. ಒಂದೂವರೆ ವರ್ಷದ ಮಗು ಆರು ಕೆಜಿಯೂ ಇರಲಿಲ್ಲ. ಮಾಯಸಂದ್ರದ ಕಡೆ ಕೊಟ್ಟಿದ್ದ ಚಿಕ್ಕಮ್ಮ ಪುಟ್ಟಗಂಗಮ್ಮ, "ನಾನೇ ಸಾಕ್ಕೊತೀನಿ" ಎಂದು ಬಂದಿದ್ದಳು. ಆದರೆ ಅವಳ ಊರಲ್ಲಿ ಇನ್ನೂ ಅಂಗನವಾಡಿ ಇರಲಿಲ್ಲ. "ಎಂಟು ಕೆಜಿ ದಾಟೋವರೆಗೂ ಮಗೂನ ಇಲ್ಲಿಂದ ಕದಲಿಸ್ಬೇಡಿ. ಎರಡು ಪಾಲು ಊಟ ಕೊಡಿ" ಎಂದು ಲೇಡಿ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿ ಹೋಗಿದ್ದರು.

ಮೊದಲ ಸಲ ತೂಗಲು ಹೋದಾಗ ಹುಚ್ಚಕ್ಕ ಮಗುವನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಿದ್ದಳು.

"ಬ್ಯಾಡ ಕಣವ್ವ! ಕೊಬ್ಬರಿ ತೂಗ್ತಾರೆ, ಹುಣಸೆಹಣ್ಣು ತೂಗ್ತಾರೆ. ತೂಗಿದ್ ಮ್ಯಾಲೆ ಯಾವ್ದು ಮನೇಲಿ ಉಳಕೊಂಡದೆ ಹೇಳು? ಎಲ್ಲ ತಿಪಟೂರು ಸಂತೆಗೆ."

"ಮಗೂನಲ್ಲ ಅಜ್ಜಿ, ಕಾಯಿ ತೂಗ್ತೀನಿ. ನಿಂಗಿ ಸುಮ್ನೆ ಅದರ ಜೊತೇಲಿ ಕೂತಿರ್ತಾಳೆ."

ಮುದುಕಿ ಯೋಚಿಸಿದಳು. "ಹಂಗಾದ್ರೆ ನಮ್ಮ ಹಿತ್ತಲ ಮರದ್ದೇ ಆಗ್ಬೇಕು. ಪ್ರತಿ ಸಲ ಅದೇ ಕಾಯಿ. ಬ್ಯಾರೆದು ಇಟ್ಟೀಯ, ಜೋಕೆ!"

ಸಿಪ್ಪೆ ಸುಲಿಯದ ದೊಡ್ಡ ಕಾಯಿ, ಕುಂಕುಮ ಹಚ್ಚಿ ಕೊಟ್ಟಳು. ಒಂದೂವರೆ ಕೆಜಿ ತೂಗಿತು. ತಕ್ಕಡಿಯ ಕೊಕ್ಕೆಗೆ ತೂಗುಬಿಟ್ಟ ಜೋಲಿಯಲ್ಲಿ ಮಗು, ಮಗುವಿನ ಮಡಿಲಲ್ಲಿ ಕಾಯಿ. ಮುಳ್ಳು ತೋರಿಸಿದ್ದರಲ್ಲಿ ಒಂದೂವರೆ ಕಳೆದು ನಿಂಗಿಯ ತೂಕದ ಕಾರ್ಡಿನಲ್ಲಿ ಚುಕ್ಕೆ ಇಡುವುದು. ಆಮೇಲೆ ಕಾಯಿ ಆಹಾರದ ಮೂಟೆಗಳ ಮೇಲಿನ ಹಲಗೆಗೆ. ಹೀಗೆ ಎಂಟು ತಿಂಗಳು ನಡೆಯಿತು.

ನಿಂಗಿ ನಡೆದಳು, ಓಡಿದಳು. ಮಾತೂ ಬಂತು. ಉಪ್ಪಿಟ್ಟು ಕೊಡುವವಳಾದ್ದರಿಂದ ಟೀಚರಿಗೆ ಅವಳಿಟ್ಟ ಹೆಸರು "ಉಪ್ಪಿ". ಇನ್ನೊಂದು ಹೆಸರಿಗಾಗಿ ರಾಮಲಕ್ಷ್ಮಮ್ಮ ಒಳಗೊಳಗೇ ಕಾಯುತ್ತಿದ್ದಳು. ಯಾರೂ ಇಲ್ಲದಾಗ ಒಂದೆರಡು ಸಲ ಹೇಳಿಕೊಟ್ಟೂ ನೋಡಿದ್ದಳು. ಮಗು ಅವಳ ಬಾಯನ್ನೇ ನೋಡಿ, ನಕ್ಕು, "ಉಪ್ಪಿ" ಎಂದಿತ್ತು.

ಕಾರ್ಡಿನ ಚುಕ್ಕೆಗಳು ಮಾತ್ರ ಮೆಲ್ಲಗೆ ಏರುತ್ತಿದ್ದವು. ಆ ನಿಧಾನ ಅವಳಿಗೆ ಹಿತವಾಗಿತ್ತು. ಹಾಗೆ ಅನ್ನಿಸಿದ ರಾತ್ರಿ ತನ್ನ ಮೇಲೆ ತನಗೇ ಅಸಹ್ಯವಾಗಿ, ಮರುದಿನ ಇನ್ನೊಂದು ತುತ್ತು ಹೆಚ್ಚಿಗೆ ತಿನ್ನಿಸುತ್ತಿದ್ದಳು.

ಪ್ರತಿ ತಿಂಗಳ ತೂಕದ ದಿನದಂತೆ ಆ ದಿನವೂ ಪುಟ್ಟಗಂಗಮ್ಮ ಬೆಳಗಿನ ಬಸ್ಸಿಗೇ ಬಂದಿದ್ದಳು, ಕಂಕುಳಲ್ಲಿ ತನ್ನ ಕೈಗೂಸು, ಚೀಲದಲ್ಲಿ ಹಬ್ಬಕ್ಕೆ ನಿಂಗಿಗೆಂದು ಹೊಲಿಸಿ ಇಟ್ಟುಕೊಂಡಿದ್ದ ಹೂವಿನ ಫ್ರಾಕು. ಮುಳ್ಳು ಒಂಬತ್ತಕ್ಕೆ ನಿಂತಿತು.

"ಏಳೂವರೆ," ಎಂದಳು ರಾಮಲಕ್ಷ್ಮಮ್ಮ.

"ಅಯ್ಯೋ, ಇನ್ನೂ ಅರ್ಧ ಕೆಜಿನಾ?" ಪುಟ್ಟಗಂಗಮ್ಮ ಫ್ರಾಕು ತೊಡಿಸಿ ನೋಡಿದಳು. ಅದು ಮಂಡಿಯ ಮೇಲೆ ನಿಂತಿತ್ತು, ಕಂಕುಳಲ್ಲಿ ಬಿಗಿ. "ನೋಡ್ರೀ ಟೀಚರಮ್ಮ, ಹಬ್ಬದಲ್ಲಿ ಪಾದ ಮುಚ್ಚತಿತ್ತು. ಬಟ್ಟೆ ಗಿಡ್ಡ ಆಗ್ತದೆ, ತೂಕ ಮಾತ್ರ ಏರಾಕಿಲ್ಲ ಅಂತದೆ ನಿಮ್ ತಕ್ಕಡಿ. ಅದೇನು ನಮ್ ಸಾವ್ಕಾರ್ ತಕ್ಕಡೀನಾ?" ನಕ್ಕಳು. ನಗುವಾಗಲೂ ಕಣ್ಣು ಮಗುವಿನ ಮೇಲೇ ಇತ್ತು. "ಹೋಗ್ಲಿ ಬುಡಿ. ಮುಂದಿನ್ ತಿಂಗಳು ಬತ್ತೀನಿ. ನಾಕು ಗಂಟೆ ಬಸ್ಸಿನವರೆಗೂ ಅವ್ವನ ಮನೇಲಿರ್ತೀನಿ."

ಅವಳು ಹೋದ ಮೇಲೆ ರಾಮಲಕ್ಷ್ಮಮ್ಮ ಜೋಲಿ ಬಿಚ್ಚುತ್ತಿದ್ದಳು. ಒಂದು ತಿಂಗಳು ಸಿಕ್ಕಿತು ಎಂದುಕೊಂಡಳು. ನಿಂಗಿ ಕಾಯಿಯನ್ನು ಎರಡೂ ಕೈಯಲ್ಲಿ ತಬ್ಬಿ ಎತ್ತಿ ಅಲ್ಲಾಡಿಸಿದಳು.

ಲೊಡ ಲೊಡ.

ಮಗು ಕೇಕೆ ಹಾಕಿ ಮತ್ತೆ ಅಲ್ಲಾಡಿಸಿತು. ರಾಮಲಕ್ಷ್ಮಮ್ಮ ಕಾಯಿ ಇಸಕೊಂಡು ಕಿವಿಯ ಬಳಿ ಅಲ್ಲಾಡಿಸಿದಳು. ತವರೂರು ಅರಳಗುಪ್ಪೆಯಲ್ಲಿ ಅಟ್ಟದ ತುಂಬ ಕಾಯಿ ಒಟ್ಟಿದ ಮನೆಯಲ್ಲೇ ಅವಳು ಹುಟ್ಟಿ ಬೆಳೆದದ್ದು. ತಿಂಗಳುಗಟ್ಟಲೆ ಇಟ್ಟ ಕಾಯಿಯ ನೀರು ಇಂಗಿ, ಸಿಪ್ಪೆ ಒಣಗಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಲೊಡಗುಟ್ಟುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ಎಂಟು ತಿಂಗಳು ಒಂದೂವರೆಯನ್ನೇ ಕಳೆದಿದ್ದಳು.

ಕಾಯಿಯೊಂದನ್ನೇ ಕೊಕ್ಕೆಗೆ ಹಾಕಿದಳು. ಎಂಟುನೂರು ಗ್ರಾಂ.

ಹಾಗಾದರೆ ನಿಂಗಿ ಎಂಟು ಕೆಜಿ ಇನ್ನೂರು ಗ್ರಾಂ. ಬಹುಶಃ ಹೋದ ತಿಂಗಳೇ ಎಂಟು ದಾಟಿದ್ದಳು.

ಕಾಯಿಯನ್ನು ಹಲಗೆಯ ಮೇಲೆ ಹಿಂದಕ್ಕೆ ಸರಿಸಿಟ್ಟು ಕೆಳಗೆ ಕೂತಳು. ಯಾರಿಗೂ ಗೊತ್ತಿಲ್ಲ. ಹುಚ್ಚಕ್ಕನಿಗೆ ಕಣ್ಣು ಕಾಣದು. ಪುಟ್ಟಗಂಗಮ್ಮನಿಗೆ ಕಾರ್ಡು ಓದಲು ಬಾರದು. ನಿಂಗಿ ತೊಡೆಯ ಮೇಲೆ ಹತ್ತಿ ಮಲಗಿ ನಿದ್ದೆ ಹೋದಳು. ಆ ಬಿಗಿಯಾದ ಫ್ರಾಕು ಉಸಿರಿಗೊಮ್ಮೆ ಕಂಕುಳ ಬಳಿ ಎಳೆಯುತ್ತಿತ್ತು. ಅಲ್ಲಿ ಹೊಲಿಗೆ ಒಂದೆಳೆ ಬಿಟ್ಟಿತ್ತು. ರಾಮಲಕ್ಷ್ಮಮ್ಮ ಆ ಎಳೆಯನ್ನೇ ನೋಡುತ್ತ ಬಹಳ ಹೊತ್ತು ಕೂತಳು. ಆಮೇಲೆ ಪೆನ್ನು ತೆಗೆದು ಏಳೂವರೆಯ ಚುಕ್ಕೆಯನ್ನು ಹೊಡೆದುಹಾಕಿ, ಮೇಲೆ ಇನ್ನೊಂದು ಚುಕ್ಕೆ ಇಟ್ಟಳು.

ಮೂರೂವರೆಗೆ ಮಗುವನ್ನು ಎತ್ತಿಕೊಂಡು, ಕಾಯಿ ಹಿಡಿದು ಹುಚ್ಚಕ್ಕನ ಮನೆಗೆ ಹೋದಳು.

"ತಪ್ಪಾಗೋಯ್ತು ಕಣಮ್ಮ," ಎಂದಳು ಪುಟ್ಟಗಂಗಮ್ಮನಿಗೆ. "ಕಾಯಿ ಒಣಗಿರೋದ್ನ ನಾನು ನೋಡ್ಲಿಲ್ಲ. ಎಂಟು ದಾಟೈತೆ. ಕರ್ಕೊಂಡೋಗಿ."

ಪುಟ್ಟಗಂಗಮ್ಮ ಅವಳ ಮುಖವನ್ನೇ ನೋಡಿ, ಮಗುವಿಗೆ ಕೈ ಚಾಚಿದಳು. ಹುಚ್ಚಕ್ಕ ತಡಕಾಡಿ ಕಾಯಿ ಮುಟ್ಟಿ, ಅಲ್ಲಾಡಿಸಿ, "ನಾ ಅವತ್ತೇ ಹೇಳ್ಲಿಲ್ವೇ, ತೂಗಿದ್ದು ನಿಲ್ಲಾಕಿಲ್ಲ ಅಂತ" ಎಂದು ಸೆರಗಿಗೆ ಕಣ್ಣೊರೆಸಿಕೊಂಡಳು.

ಬಸ್ಸು ಬಂದಾಗ ನಿಂಗಿ ಕಾಯಿ ಬಿಡಲೊಲ್ಲಳು. ಜೋಲಿಗೆ ಹತ್ತುವಾಗಲೆಲ್ಲ ಅದು ಮಡಿಲಲ್ಲಿರಬೇಕೆಂದು ಅವಳಿಗೆ ಅಭ್ಯಾಸ. "ಇರ್ಲಿ ಬುಡಿ," ಎಂದಳು ರಾಮಲಕ್ಷ್ಮಮ್ಮ. ಕಾರ್ಡು ಚಾಚಿದಳು.

"ನಮ್ಮೂರಲ್ಲಿ ಯಾರು ತೂಗ್ತಾರೆ ಟೀಚರಮ್ಮ? ನಿಮ್ಮ ಹತ್ರಾನೇ ಇರ್ಲಿ."

ಕಿಟಕಿಯಲ್ಲಿ ಮಗು ಕಾಯಿ ಅಲ್ಲಾಡಿಸಿ "ಉಪ್ಪಿ, ಉಪ್ಪಿ" ಎಂದು ಕೂಗಿತು, ಹಿಂದೆಯೇ ಟೀಚರೂ ಹತ್ತುತ್ತಾಳೆಂಬಂತೆ ಪಕ್ಕಕ್ಕೆ ಸರಿದು ಜಾಗ ಮಾಡಿತು. ಬಸ್ಸು ತೆಂಗಿನ ತೋಟದ ತಿರುವಿನಲ್ಲಿ ಮರೆಯಾಯಿತು.

ರಾಮಲಕ್ಷ್ಮಮ್ಮ ಕಾರ್ಡು ಬಿಡಿಸಿದಳು. ಐದು ವರ್ಷ ತುಂಬುವವರೆಗೂ ಒಂದೊಂದು ತಿಂಗಳಿಗೂ ಒಂದೊಂದು ಮನೆ ಅಚ್ಚು ಹಾಕಿಟ್ಟಿದ್ದರು. ಮುಂದಿನ ತಿಂಗಳ ಖಾಲಿ ಮನೆಯ ಮೇಲೆ ಬೆರಳಿಟ್ಟುಕೊಂಡು, ಬೀಗ ಹಾಕಲು ಅಂಗನವಾಡಿಯ ಕಡೆ ನಡೆದಳು.