ಹುಸೇನಪ್ಪನ ಬೋಳು ಪಟಪಟಿ

ನನ್ನ ತಮ್ಮ ಹುಸೇನಪ್ಪನಿಗೆ ಯಾವ ಕೆಲಸ ಹೇಳಿದರೂ ಮಾತು ಅರ್ಧ ಮುಗಿಯುವಷ್ಟರಲ್ಲಿ ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಾನೆ. ಉಪ್ಪು ತಾ ಅಂದರೆ ಓಡುತ್ತಾನೆ, ಎಷ್ಟು ಎಂದು ಕೇಳುವುದಿಲ್ಲ. ಅಂಥವನಿಗೆ ಅವನ ಹೆಂಡತಿ ತವರಿನಿಂದ ಒಂದು ಮಾತು ಹೇಳಿ ಕಳಿಸಿದಳು. ಆಮೇಲೆ ನಡೆದ ರಾಮಾಯಣವನ್ನು ಮಸ್ಕಿಯ ಮಂದಿ ತಮಗೆ ಬೇಕಾದಂತೆ ಉಪ್ಪುಖಾರ ಹಚ್ಚಿ ಹೇಳುತ್ತಾರೆ. ಅವರ್‍ಯಾರೂ ಅಲ್ಲಿರಲಿಲ್ಲ. ಕಣ್ಣಾರೆ ಕಂಡವಳು ನಾನು, ಗಾಳೆಮ್ಮ.

ಜರ್ಮನಿಯ ಲಡಾಯಿ ಮುಗಿದ ಮರುವರ್ಷದ ಮಾತು. ಹುಸೇನಪ್ಪ ಸಿಂಧನೂರು ಕಡೆ ಕಾಲುವೆಯ ಸರ್ವೆಗೆ ಬಂದಿದ್ದ ಓವರ್‌ಸಿಯರ್ ಸಾಹೇಬರ ಕೈಕೆಳಗೆ ಅಳತೆಯ ಸರಪಳಿ ಎಳೆಯುತ್ತಿದ್ದ. ಸಾಹೇಬರ ಹತ್ತಿರ ಒಂದು ಹಳೆಯ ಪಟಪಟಿ, ಅಂದರೆ ಮೋಟಾರ್ ಸೈಕಲ್ಲು, ಇತ್ತು. ಪಕ್ಕಕ್ಕೆ ಒಬ್ಬರು ಕೂರುವಂಥ ಡಬ್ಬಿ ಕಟ್ಟಿದ್ದರು. ಜವಳಗೇರಾದ ಹತ್ತಿರ ಅದು ನಿಂತದ್ದು ನಿಂತೇಬಿಟ್ಟಿತು. ಅಷ್ಟರಲ್ಲಿ ಸಾಹೇಬರಿಗೆ ಹೈದರಾಬಾದಿಗೆ ವರ್ಗವಾಯಿತು. ಇದನ್ನು ಎಬ್ಬಿಸುವವನಿದ್ದರೆ ಅವನೇ ಇಟ್ಟುಕೊಳ್ಳಲಿ ಎಂದು ಅವರು ಬೇಸತ್ತು ಅಂದದ್ದೇ ತಡ, ನನ್ನ ತಮ್ಮ ಎತ್ತು ಹೂಡಿ ಅದನ್ನು ಮಸ್ಕಿಗೆ ಎಳೆದು ತಂದ. ನಮ್ಮ ಓಣಿಯಲ್ಲಿ ಟಾಂಗಾ ರಿಪೇರಿ ಮಾಡುವ ಮಸ್ತಾನಸಾಬನನ್ನು ಕೂಡಿಸಿಕೊಂಡು ಅದರ ಹೊಟ್ಟೆಯನ್ನೆಲ್ಲ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಮತ್ತೆ ಜೋಡಿಸಿದ. ಒಂದು ಬೆಳಿಗ್ಗೆ ಅದು ಕೆಮ್ಮಿ ಎದ್ದಿತು. ನಮ್ಮ ಕೋಳಿಗಳು ಆ ದಿನವೆಲ್ಲ ಅಂಗಳಕ್ಕೆ ಇಳಿಯಲಿಲ್ಲ.

ಆ ಬೇಸಿಗೆಯಲ್ಲೇ ಅವನ ಮದುವೆಯೂ ಆಯಿತು. ಹುಡುಗಿ ಸಂತೆಕಲ್ಲೂರಿನ ನರಸಣ್ಣನ ಮಗಳು ಗದ್ದೆಮ್ಮ. ನಮಗೆ ತಾಯಿತಂದೆ ಇಲ್ಲ. ನನ್ನ ಗಂಡ ನಮ್ಮಲ್ಲೇ ಮನೆ ಅಳಿಯನಾಗಿ ಉಳಿದವರು, ಹೀಗಾಗಿ ಆ ಮನೆಗೆ ನಾನೇ ಅತ್ತೆ, ನಾನೇ ನಾದಿನಿ. ಹೊಸ ಸೊಸೆ ಹಿರಿಯರೆದುರು ಗಂಡನ ಜೊತೆ ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ, ಅದು ಸರಿ. ಇವಳು ಹಿರಿಯರು ಇಲ್ಲದಾಗಲೂ ಬಾಯಿ ಬಿಡಲಿಲ್ಲ. ರೊಟ್ಟಿ ಬಡಿಯುವ ಕೈ ಮಾತ್ರ ಜೋರು. ನನ್ನ ತಮ್ಮನೋ ಅವಳ ಹತ್ತಿರ ಏನು ಮಾತಾಡಬೇಕೆಂದು ತಿಳಿಯದೆ ಪಟಪಟಿಯ ಹತ್ತಿರ ಕುಳಿತು ಅದರ ಜೊತೆಗೇ ಮಾತಾಡುತ್ತಿದ್ದ. ಒಂದು ಮಧ್ಯಾಹ್ನ ನಾನು ಹಿತ್ತಲಿನಿಂದ ಬರುವಾಗ ನೋಡಿದೆ, ಗದ್ದೆಮ್ಮ ಸೆರಗಿನ ತುದಿಯಿಂದ ಅದರ ಹಿಡಿಕೆ ಒರೆಸುತ್ತ ನಿಂತಿದ್ದಳು. ನನ್ನನ್ನು ಕಂಡು ಕೊಡ ಎತ್ತಿಕೊಂಡು ಬಾವಿಗೆ ಓಡಿದಳು. ಕೊಡ ತುಂಬಿಯೇ ಇತ್ತು.

ನಾಗರಪಂಚಮಿಗೆ ಅವಳ ಅಣ್ಣ ಬಂದು ತವರಿಗೆ ಕರೆದುಕೊಂಡು ಹೋದ. ಹಬ್ಬ ಮುಗಿಯಿತು, ಅವಳು ಬರುವ ಸುದ್ದಿಯಿಲ್ಲ. ಹುಸೇನಪ್ಪ ಊಟಕ್ಕೆ ಕೂತರೆ ರೊಟ್ಟಿಯನ್ನು ನೋಡುತ್ತ ಕೂರುವನು. “ಅಕ್ಕಾ, ಅಕಿಗೆ ನಾ ಪಸಂದ ಬಿದ್ದಿಲ್ಲೇನು?” ಎಂದು ಒಂದು ಸಲ ಕೇಳಿಯೂ ಬಿಟ್ಟ. ಕಣ್ಣಲ್ಲಿ ನೀರಿತ್ತು. ಬೈಯಬೇಕೆಂದಿದ್ದವಳು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ.

ಆಗಲೇ ಬಳೆಗಾರ್ತಿ ಲಾಲ್‌ಬೀ ಸಂತೆಕಲ್ಲೂರಿಗೆ ಹೋಗಿ ಬಂದವಳು ನಮ್ಮ ಕಟ್ಟೆಯ ಮೇಲೆ ಬಳೆಯ ಗಂಟು ಇಳಿಸಿದಳು.

“ನಿಮ್ಮ ಮನಿ ಸೊಸಿ ಹೇಳಿ ಕಳಿಸ್ಯಾಳ ನೋಡ್ರಿ. ಅಮಾಸಿ ಒಳಗ ಪಟಪಟಿ ತಗೊಂಡು ಕರಿಯಾಕ ಬಂದ್ರ ಬರ್ತಾಳಂತ. ಇಲ್ಲಂದ್ರ ದೀವಳಿಗಿ ಮಟ ತವರಮನ್ಯಾಗ ಇರ್ತಾಳಂತ.”

ಹುಸೇನಪ್ಪ ಎದ್ದು ನಿಂತ. ಲಾಲ್‌ಬೀ ಇನ್ನೂ ಏನೋ ಹೇಳುವುದರಲ್ಲಿದ್ದಳು, ಅವನು ಮಸ್ತಾನಸಾಬನ ಮನೆಯ ಸಂದಿ ಹೊಕ್ಕಾಗಿತ್ತು.

ಅವನ ತಲೆಯಲ್ಲಿ ಬೇರೆಯೇ ಹುಳ ಹೊಕ್ಕಿತ್ತು. ಲಿಂಗಸುಗೂರಿನಲ್ಲಿ ಒಮ್ಮೆ ಸಿಕಂದರಾಬಾದಿನ ಯಾವನೋ ಸೋಲ್ಜರನ ಗಾಡಿ ನೋಡಿದ್ದನಂತೆ. ಎರಡು ಗಾಲಿ, ಒಂದು ಇಂಜಿನ್ನು, ಒಂದು ಸೀಟು. ಅಷ್ಟು ಬಿಟ್ಟರೆ ಅದರ ಮೈಮೇಲೆ ಏನೂ ಇರಲಿಲ್ಲವಂತೆ. ಅದು ನಿಂತಲ್ಲೇ ಓಡುವ ಹಾಗೆ ಕಾಣುತ್ತಿತ್ತಂತೆ. ಹೆಂಡತಿಯ ಊರಿಗೆ ಹೋಗುವುದಾದರೆ ಹಾಗೆ ಹೋಗಬೇಕು.

“ಅಕ್ಕಾ, ಇದರ ಮೈಮ್ಯಾಗ ಎಷ್ಟು ಸಾಮಾನು ಹೇರ್‍ಯಾರ ನೋಡು. ಎಲ್ಲಾ ಬಿಚ್ಚಿ ಒಗಿತೀನಿ,” ಅಂದ.

ಬಿಚ್ಚಿದ. ಮೊದಲು ಪಕ್ಕದ ಡಬ್ಬಿ. ಅದರ ಕಬ್ಬಿಣದ ತೋಳುಗಳನ್ನು ಮತ್ತೆ ಕೂಡಿಸಲು ಬಾರದ ಹಾಗೆ ಗರಗಸದಿಂದ ಕೊಯ್ದೇ ಹಾಕಿದ. ನಾನು ಡಬ್ಬಿಯಲ್ಲಿ ಹತ್ತಿಕಾಳು ತುಂಬಿಟ್ಟೆ. ಆಮೇಲೆ ಮುಂದಿನ ಮಡ್‌ಗಾರ್ಡ್, ಹಿಂದಿನ ಮಡ್‌ಗಾರ್ಡ್. ಅವು ಕೋಳಿಗಳಿಗೆ ನೀರು ಹಾಕಲು ಒದಗಿದವು. ದೀಪ ಹೋಯಿತು, ಒತ್ತಿದರೆ ಕೂಗುವ ಭೊಂಪು ಹೋಯಿತು, ಮುಂದಿನ ಬ್ರೇಕಿನ ಹಿಡಿಕೆ ಹೋಯಿತು. ಹಿಂದಿನದು ಕಾಲಲ್ಲಿ ಐತಲ್ಲ, ಎರಡೆರಡು ಯಾಕೆ ಅಂದ. ಹೊಗೆ ಹೋಗುವ ಕೊಳವೆಯನ್ನು ಅರ್ಧಕ್ಕೆ ಕೊಯ್ದದ್ದರಿಂದ ಗಾಡಿ ಚಾಲೂ ಆದರೆ ಕೋಟೆಯಲ್ಲಿ ತೋಪು ಹಾರಿಸಿದಂತೆ ಸಪ್ಪಳ. ಪೆಟ್ರೋಲ್ ಟಾಕಿಯ ಹಳೆಯ ಬಣ್ಣ ಕೆರೆದು, ಅಗಸಿ ಎಣ್ಣೆಯಲ್ಲಿ ದೀಪದ ಕಾಡಿಗೆ ಕಲಸಿ ಮೂರು ಕೈ ಬಳಿದ. ಮನೆಯ ದೀಪಗಳ ಮಸಿಯೆಲ್ಲ ಅದಕ್ಕೇ ಹೋಯಿತು. ನನ್ನ ರೊಟ್ಟಿ ಹಂಚಿನ ತಳವನ್ನೂ ಬಿಡಲಿಲ್ಲ.

ನಂಬರಿನ ತಗಡಿಗೆ ಕೈ ಹಾಕಿದಾಗ ಮಸ್ತಾನಸಾಬ ಹೌಹಾರಿದ. “ಅರೇ, ಬೇಕಾದ್ದು ಬಿಚ್ಚಪಾ, ಇದೊಂದು ಬಿಡು. ಪೊಲೀಸ ಅಮೀನ ಸಾಹೇಬ ನಿನ್ನ ಬಿಚ್ಚಿ ಒಗಿತಾನ.”

ಓಣಿಯ ಹೆಂಗಸರು ಬಂದು ಬಂದು ನೋಡಿ, ಇದೇನವ್ವಾ ಬೋಳು ಗಾಡಿ ಎಂದು ಗಲ್ಲಕ್ಕೆ ಕೈ ಹಚ್ಚಿದರು. ದೃಷ್ಟಿಯಾದೀತೆಂದು ನಾನೊಂದು ಕರಿದಾರ ಕಟ್ಟಿದರೆ ಅದನ್ನೂ ಬಿಚ್ಚಿ ಒಗೆದ. ನಿಜ ಹೇಳಬೇಕೆಂದರೆ ನೋಡಲಿಕ್ಕೆ ಚೆಂದವೇ ಆಗಿತ್ತು. ಅವನೆದುರು ಹಾಗೆ ಹೇಳಲಿಲ್ಲ ಅಷ್ಟೆ.

ಕಡೆಗೆ ಉಳಿದದ್ದು ಹಿಂದಿನ ಸೀಟು. ಅದರ ಬೋಲ್ಟಿಗೆ ಪಾನಾ ಹಚ್ಚಿದಾಗ ನಾನು ಜೋಳ ಕೇರುವುದನ್ನು ಬಿಟ್ಟು ಎದ್ದು ಹೋದೆ.

“ಲೇ, ಅದನ್ನ ತಗದ್ರ ಗದ್ದೆಮ್ಮ ಎಲ್ಲಿ ಕುಂದರ್ತಾಳೋ?”

“ಅಕಿ ನಿನ್ನ ಕೂಡ ಬಂಡ್ಯಾಗ ಬರ್ತಾಳ. ನಾ ಮುಂದ ಮುಂದ ಹೋಗ್ತೀನಿ. ಊರ ಮಂದಿ ನೋಡ್ಲಿ, ಅಕಿನೂ ನೋಡ್ಲಿ.”

“ಅಕಿ ಕೇಳಿದ್ದು ಪಟಪಟಿ, ಬಂಡಿ ಅಲ್ಲ.”

“ಪಟಪಟಿ ಒಯ್ತೀನಲ್ಲ ಮತ್ತ!”

ಇಂಥವನಿಗೆ ಏನು ಹೇಳುತ್ತೀರಿ? ಹಿಂದಿನ ಸೀಟು ಕಳಚಿ, ಅದು ನಿಂತ ಸರಳುಗಳನ್ನೂ ಕೊಯ್ದು, ಹಿಂದೆ ಸರಿದು ನಿಂತು ನೋಡಿದ. ಹೆಂಡತಿಯೇ ಬಂದು ಎದುರಿಗೆ ನಿಂತಳೇನೋ ಅನ್ನುವ ಹಾಗೆ ಅವನ ಮುಖ ಅರಳಿತ್ತು.

ಸೊಸೆಯನ್ನು ಕರೆಯಲು ಗಂಡನ ಮನೆಯ ಹೆಂಗಸೊಬ್ಬಳು ಬುತ್ತಿ ಕಟ್ಟಿಕೊಂಡು ಹೋಗಲೇಬೇಕು. ಅಮವಾಸ್ಯೆಯ ಹಿಂದಿನ ದಿನ ನಸುಕಿನಲ್ಲೇ ನಾನು, ನಮ್ಮ ಮನೆಯವರು ಬಂಡಿ ಹೂಡಿಕೊಂಡು ಹೊರಟೆವು. ನಮ್ಮ ಮನೆಯವರು ಎತ್ತುಗಳ ಜೊತೆಗಾದರೂ ನಾಲ್ಕು ಮಾತಾಡಿಯಾರು, ಮನುಷ್ಯರ ಜೊತೆ ಇಲ್ಲ. ದಾರಿಯುದ್ದಕ್ಕೂ ನಾನೊಬ್ಬಳೇ ವಟಗುಟ್ಟಿದೆ. ಸಂತೆಕಲ್ಲೂರು ಕಾಣುವ ಹೊತ್ತಿಗೆ ಹಿಂದಿನಿಂದ ಗುಡುಗಿನ ಸಪ್ಪಳ ಬಂತು. ಎತ್ತುಗಳು ಬೆದರಿದವು. ಹುಸೇನಪ್ಪ ನಮ್ಮನ್ನು ದಾಟಿ ಹೋದ.

ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಎರೆಮಣ್ಣಿನ ದಾರಿ. ಗಾಲಿಗೆ ಮಡ್‌ಗಾರ್ಡ್ ಇಲ್ಲ. ಬಿಳಿ ಧೋತರ, ಹೊಸ ಅಂಗಿ, ಜರಿ ರುಮಾಲು ಸುತ್ತಿ ಮಸ್ಕಿ ಬಿಟ್ಟವನು ಮಾವನ ಅಂಗಳದಲ್ಲಿ ಇಳಿಯುವಾಗ ಕಣ್ಣು, ಹಲ್ಲು ಬಿಟ್ಟರೆ ಬರೀ ಕೆಸರು. ನರಸಣ್ಣ ಕೋಲು ಹಿಡಿದುಕೊಂಡು ಬಂದು, “ಯಾರೋ ನೀ?” ಅಂದ. ಬಾವಿಕಟ್ಟೆಯ ಮೇಲೆ ನಿಲ್ಲಿಸಿ ನೀರು ಹೊಯ್ದು, ಮಾವನ ಧೋತರ ಉಡಿಸಿ, ಅಳಿಯನೆಂದು ಖಾತ್ರಿ ಮಾಡಿಕೊಂಡು ಒಳಗೆ ಕರೆದರು. ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಬಾಗಿಲ ಸಂದಿಯಲ್ಲಿ ಗದ್ದೆಮ್ಮನ ಬಳೆ ಸಪ್ಪಳವಾಯಿತು. ಅವಳೂ ನಕ್ಕಿರಬೇಕು.

ಹೋಳಿಗೆ ಊಟವಾಯಿತು. ಅವಳ ತಾಯಿ ಮಗಳಿಗೆ ಉಡಿ ತುಂಬಿದಳು. ನಮ್ಮ ಕಡೆ ಉಡಿ ತುಂಬಿಸಿಕೊಂಡು ಹೊಸ್ತಿಲು ದಾಟಿದ ಮಗಳು ಆ ದಿನ ಮತ್ತೆ ತವರಿನ ಒಳಗೆ ಕಾಲಿಡುವಂತಿಲ್ಲ. ಗದ್ದೆಮ್ಮ ಹಸಿರು ಇಳಕಲ್ ಸೀರೆಯುಟ್ಟು, ತಲೆಬಗ್ಗಿಸಿ ಹೊರಗೆ ಬಂದಳು. ಅಂಗಳದ ತುಂಬ ಮಂದಿ. ಬಂಡಿಯನ್ನು ದಾಟಿ ಸೀದಾ ಪಟಪಟಿಯ ಹತ್ತಿರ ಹೋದಳು. ಈ ಕಡೆ ನೋಡಿದಳು. ಸುತ್ತು ಹಾಕಿ ಆ ಕಡೆ ನೋಡಿದಳು. ಆಮೇಲೆ ತಲೆ ಎತ್ತಿದಳು.

“ನಾ ಎಲ್ಲಿ ಕುಂದರ್ಲಿ?”

ಮದುವೆಯಾದಾಗಿನಿಂದ ಗಂಡನಿಗೆ ಅವಳಾಡಿದ ಮೊದಲ ಮಾತು ಅದು. ಹುಸೇನಪ್ಪ ಬಂಡಿಯ ಕಡೆ ಕೈ ತೋರಿಸಿದ.

“ಬಂಡ್ಯಾಗ... ಅಕ್ಕನ ಕೂಡ.”

“ಬಂಡ್ಯಾಗ ನಾ ಹುಟ್ಟಿದಾಗಿಂದ ಕುಂತೀನಿ. ಇದರ ಮ್ಯಾಲ ಕುಂದರ್ತೀನಂತ ಲಾಲ್‌ಬೀ ಕೈಲೆ ಹೇಳಿ ಕಳಿಸಿದ್ನಲ್ಲ.”

ಆ ಮಾತು ಮುಗಿಯುವ ಮೊದಲೇ ಓಡಿದ್ದ ನನ್ನ ತಮ್ಮ ನನ್ನ ಕಡೆ ನೋಡಿದ. ನಾನು ಆಕಾಶದ ಕಡೆ ನೋಡಿದೆ.

“ನಾಳೆ ಸೀಟು ಹಾಕಿಸ್ಕೊಂಡು ಬರ್ತೀನಿ,” ಅಂದ.

“ನಾಳೆ ಅಮಾಸಿ, ಕಳಸಂಗಿಲ್ಲ,” ಎಂದ ನರಸಣ್ಣ. ಅಳಿಯನನ್ನು ನೋಡಿ ಅವನಿಗೇ ಕರುಣೆ ಬಂತೋ ಏನೋ, ಮಗಳ ಕಡೆ ತಿರುಗಿ, “ಗದ್ದೆವ್ವಾ, ಹಟ ಬ್ಯಾಡ. ಬಂಡಿ ಹತ್ತು,” ಅಂದ.

ಅವಳು ಅಲುಗಲಿಲ್ಲ. ಒಳಗೆ ಹೋಗುವಂತಿಲ್ಲ, ಬಂಡಿ ಹತ್ತುವವಳಲ್ಲ. ಮಂದಿ ಗುಸುಗುಸು ಶುರು ಮಾಡಿದರು. ಹುಸೇನಪ್ಪನ ಮುಖ ನೋಡಲಾಗಲಿಲ್ಲ. ಈ ಹುಡುಗಿ ನಮ್ಮ ಮನೆಗೆ ಬರುವುದು ಇನ್ನು ಮುಗಿಯಿತು ಎಂದೇ ಅಂದುಕೊಂಡೆ. ಅರ್ಧ ಮಾತು ಕೇಳುವವನಾದರೂ ನನ್ನ ತಮ್ಮ ಕೆಟ್ಟವನಲ್ಲ.

ಆಗ ಗದ್ದೆಮ್ಮ ಉಡಿಯ ಗಂಟನ್ನು ಬಿಗಿ ಮಾಡಿಕೊಂಡಳು. ಹಿಡಿಕೆ ಹಿಡಿದು, ಕಾಲೆತ್ತಿ, ಗಾಡಿಗಿದ್ದ ಒಂದೇ ಒಂದು ಸೀಟಿನ ಮೇಲೆ ಹತ್ತಿ ಕುಳಿತಳು. ಅವಳ ತಾಯಿ ಬಾಯಿ ಮೇಲೆ ಸೆರಗು ಹಿಡಿದಳು.

“ಹಂಗಾರ ನಾ ಇಲ್ಲಿ ಕುಂದರ್ತೀನಿ,” ಅಂದಳು. “ನೀವು ನೂಕ್ರಿ.”

ಸಂತೆಕಲ್ಲೂರಿನ ಅಗಸೆ ಬಾಗಿಲು ದಾಟುವವರೆಗೂ ಊರಿಗೆ ಊರೇ ಹಿಂದೆ ಬಂತು. ಮಾವನ ಧೋತರ ಮೊಣಕಾಲಿಗೆ ಎತ್ತಿ ಕಟ್ಟಿ ಹುಸೇನಪ್ಪ ನೂಕುತ್ತಿದ್ದ. ಹಸಿರು ಸೀರೆಯವಳು ನೆಟ್ಟಗೆ ಕುಳಿತು ಹಿಡಿಕೆ ತಿರುಗಿಸುತ್ತಿದ್ದಳು. ಬಂಡಿಯಲ್ಲಿ ನಾವು ಹಿಂದೆ. ಮಂದಿ ಕರಗಿದ ಮೇಲೆ ಅವರಿಬ್ಬರ ಮಾತು ನನ್ನ ಕಿವಿಗೆ ಬೀಳತೊಡಗಿತು. ಇದೇನ್ರೀ, ಅದೇನ್ರೀ, ಇದನ್ನ ತಿರುವಿದ್ರ ಏನಾಗ್ತೈತಿ? ಅವಳು ಕೇಳುವಳು, ಅವನು ಏದುಸಿರು ಬಿಡುತ್ತ ಹೇಳುವನು. ಮೂರು ತಿಂಗಳು ಮೂಕಿಯೆಂದುಕೊಂಡಿದ್ದ ಹುಡುಗಿಯ ಬಾಯಿ ಈಗ ನಿಲ್ಲಲೊಲ್ಲದು. ಇವಳಿಗೆ ಮಾತು ಬರುತ್ತಿರಲಿಲ್ಲವೆಂದಲ್ಲ. ಕೇಳಬೇಕೆನಿಸಿದ್ದನ್ನು ಕೇಳು ಎಂದು ನಮ್ಮಲ್ಲಿ ಯಾರೂ ಅಂದಿರಲಿಲ್ಲ.

ದಾರಿಯಲ್ಲಿ ಒಂದು ದಿನ್ನೆ ಇದೆ. ಅದನ್ನು ಏರಿಸಿ ನೆತ್ತಿಯ ಮೇಲೆ ನಿಂತ ಹುಸೇನಪ್ಪ ಮುಖದ ಬೆವರು ಒರೆಸಲು ಎರಡೂ ಕೈ ಬಿಟ್ಟ. ಅಷ್ಟೇ. ಗಾಡಿ ಮೆಲ್ಲಗೆ ಉರುಳಿತು, ಆಮೇಲೆ ಮೆಲ್ಲಗೆ ಉರುಳಲಿಲ್ಲ.

“ಕಾಲು! ಬಲಗಾಲಿಲೆ ಒತ್ತು!” ಎಂದು ಕೂಗುತ್ತ ಓಡಿದ. ಕೈಯಲ್ಲಿ ಹಿಡಿಯುವ ಬ್ರೇಕು ನಮ್ಮ ಮನೆಯ ಗೂಡಿನಲ್ಲಿತ್ತು. ಗದ್ದೆಮ್ಮ ಇಳಿಜಾರಿನಲ್ಲಿ ಬಾಣದ ಹಾಗೆ ಹೋದಳು. ಸೆರಗು ಹಾರಿತು, ಹೆರಳು ಬಿಚ್ಚಿತು. ಚೀರುವ ದನಿ ಕೇಳಿ ನಾನು ಕಣ್ಣು ಮುಚ್ಚಿ ಹುಲಿಗೆಮ್ಮನಿಗೆ ಹರಕೆ ಹೊತ್ತೆ. ನಮ್ಮ ಮನೆಯವರು ನನ್ನ ಮೊಣಕೈ ಮುಟ್ಟಿ, “ನಗಾಕತ್ತಾಳ, ನೋಡು,” ಅಂದರು.

ಹೌದು, ನಗುತ್ತಿದ್ದಳು. ಜೋಕಾಲಿ ಜೀಕುವ ಹುಡುಗಿಯರು ನಗುತ್ತಾರಲ್ಲ, ಹಾಗೆ, ಹೊಟ್ಟೆಯೊಳಗಿನಿಂದ. ಕೆಳಗೆ ಹಳ್ಳದ ಉಸುಕಿನಲ್ಲಿ ಗಾಲಿ ಹೂತು ಗಾಡಿ ತಾನಾಗಿಯೇ ನಿಂತಿತು. ನಾವು ಮುಟ್ಟುವ ಹೊತ್ತಿಗೆ ಹುಸೇನಪ್ಪ ಅವಳ ಕಾಲ ಬಳಿ ಕುಕ್ಕರಿಸಿ ಕುಳಿತು, ಪೆಟ್ಟಾಯಿತೇ, ಪೆಟ್ಟಾಯಿತೇ ಎಂದು ಕೇಳುತ್ತಿದ್ದ. ಅವಳು ಬಿಚ್ಚಿದ ಕೂದಲನ್ನು ಹಿಂದಕ್ಕೆ ತಳ್ಳಿದಳು.

“ಇನ್ನೊಂದ್ಸಲ ಮ್ಯಾಲಕ್ಕ ನೂಕ್ರಿ.”

ನೂಕಿದ. ಮಾವನ ಧೋತರ ಹರಿಯಿತು, ಆದರೂ ನೂಕಿದ. ಈ ಸಲ ಅವಳು ಕಾಲಿನ ಬ್ರೇಕು ಎಲ್ಲಿದೆಯೆಂದು ಕೇಳಿಕೊಂಡು ಇಳಿದಳು. ಹಳ್ಳದ ದಂಡೆಯಲ್ಲಿ, ನಿಲ್ಲಬೇಕಾದಲ್ಲಿ ನಿಂತಳು. ನನಗೆ ಹೊಟ್ಟೆಕಿಚ್ಚಾಯಿತು, ಅದನ್ನು ಮುಚ್ಚಿಡುವುದೇನು? ಇಷ್ಟು ವರ್ಷ ಬಂಡಿಯ ಹಿಂಬದಿಯಲ್ಲಿ ಮೂಟೆಗಳ ನಡುವೆ ಕುಳಿತು ಓಡಾಡಿದವಳು ನಾನು. ಕಣ್ಣು ತುಂಬಿ ಬಂತು. ಬಂದದ್ದು ದುಃಖಕ್ಕಲ್ಲ.

ಹುಸೇನಪ್ಪ ಅವಳ ಪಕ್ಕ ಬಂದು, ಗಾಡಿಯ ಹಿಂಬದಿಯನ್ನು ಅಂಗೈಯಿಂದ ಸವರಿದ. ಸೀಟಿದ್ದ ಜಾಗದಲ್ಲಿ ಕೊಯ್ದ ಕಬ್ಬಿಣ ಇನ್ನೂ ಚೂಪಾಗಿತ್ತು.

“ತಪ್ಪಾತು,” ಅಂದ. “ಮನಿಗಿ ಹೋದಕೂಡ್ಲೆ ಹಿಂದಿನ ಸೀಟು ಹಾಕ್ತೀನಿ.”

“ಹಾಕ್ರಿ,” ಅಂದಳು ಗದ್ದೆಮ್ಮ, ಹಿಡಿಕೆಯಿಂದ ಕೈ ತೆಗೆಯದೆ. “ಇಲ್ಲಂದ್ರ ನೀವು ಎಲ್ಲಿ ಕುಂದರ್ತೀರಿ?”