ಅಣ್ಣನ ತಂತಿ, ತಮ್ಮನ ತಂತಿ

ತಮ್ಮ ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ ನಾನು ನನ್ನ ಹೊಲಿಗೆ ಅಂಗಡಿಯಲ್ಲಿ ಅವನದೇ ಪ್ಯಾಂಟಿನ ಅಂಚು ಮಡಿಸುತ್ತಿದ್ದೆ. ಅವನ ಮಗಳು ಫೋನಿನಲ್ಲಿ "ದೊಡ್ಡಪ್ಪಾ" ಎಂದಳು. ಮುಂದೆ ಬರೀ ಅಳು. ಸೂಜಿ ಬಟ್ಟೆಯಲ್ಲೇ ಉಳಿಯಿತು. ಅವನ ಪ್ಯಾಂಟಿಗೆ ಯಾವಾಗಲೂ ಒಂದು ಗೇಣು ಬಟ್ಟೆ ಹೆಚ್ಚು ಬೇಕು. ನಾನು ವಯಸ್ಸಿನಲ್ಲಿ ಹಿರಿಯ, ಆದರೆ ಅವನ ಭುಜಕ್ಕೂ ಬಾರದವನು. "ನಿನ್ನ ಅಳತೆ ತೆಗೆಯುವಾಗ ದೇವರ ಟೇಪು ಸುತ್ತಿಕೊಂಡಿತ್ತು" ಎಂದು ನಗುತ್ತಿದ್ದ.

ರೇಡಿಯೋ ರಿಪೇರಿಯವನಾದ ಅವನು ನಡುಕೋಣೆಯಲ್ಲಿ ಒಂದು ಹಳೆಯ ಪಿನ್‌ಬಾಲ್ ಯಂತ್ರ ಇಟ್ಟುಕೊಂಡಿದ್ದ. ಇಳಿಜಾರು ಹಲಗೆ, ಮೇಲೆ ಗಾಜು. ಸ್ಪ್ರಿಂಗ್ ಎಳೆದು ಬಿಟ್ಟರೆ ಉಕ್ಕಿನ ಗುಂಡು ಮೇಲೇರಿ, ಅಲ್ಲಿ ಇಲ್ಲಿ ಡಿಕ್ಕಿ ಹೊಡೆಯುತ್ತ ಇಳಿಯುತ್ತದೆ. ಕೆಳಗಿನ ಎರಡು ರೆಕ್ಕೆಗಳಿಂದ ಅದನ್ನು ಮತ್ತೆ ಮೇಲಕ್ಕೆ ಹೊಡೆಯಬೇಕು. ಹಳೆಯ ಬಲ್ಬುಗಳನ್ನೆಲ್ಲ ಕಿತ್ತು, ತನ್ನ ಮನಸ್ಸಿಗೆ ಬಂದಂತೆ ಎಲ್‌ಇಡಿ ದೀಪ ಕೂರಿಸಲು ಹೊರಟಿದ್ದ. ಹಲಗೆಗೆ ತೂತು ಕೊರೆದಿದ್ದ, ದೀಪಗಳನ್ನು ಬಣ್ಣವಾರು ಡಬ್ಬಿಗೆ ಹಾಕಿದ್ದ. ಅಷ್ಟರಲ್ಲಿ ಮೇಲಿನಿಂದ ಕರೆ ಬಂತು.

ತಿಂಗಳಾದ ಮೇಲೆ ಅವನ ಹೆಂಡತಿ, "ಭಾವ, ಇದನ್ನ ಯಾರಿಗಾದ್ರೂ ಕೊಟ್ಬಿಡಿ. ಹೀಗೆ ಕತ್ತಲಾಗಿ ಬಿದ್ದಿರೋದನ್ನ ನನ್ನ ಕೈಲಿ ನೋಡೋಕಾಗಲ್ಲ" ಎಂದಳು.

"ಅಮ್ಮಾ, ಭಾನುವಾರದ ತನಕ ತಡಿ" ಎಂದಳು ಮಗಳು. "ನಾವು ಬೆಳಗಿಸ್ತೀವಿ. ಆಗ್ಲಿಲ್ಲ ಅಂದ್ರೆ ಯಾರಾದ್ರೂ ಬಂದು ತಗೊಂಡು ಹೋಗ್ಲಿ."

ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣಿಗೇ ಕಾಣದಂಥ ಪುಟ್ಟ ತಿರುಪು ಬಿಗಿಯುವವಳು. ನಾನು ಸೂಜಿಗೆ ದಾರ ಪೋಣಿಸುವವನು. ಕೈಗೆ ಕೊರತೆಯಿರಲಿಲ್ಲ, ವಿದ್ಯೆಗೇ ಕೊರತೆ.

ಪ್ರತಿ ದೀಪಕ್ಕೂ ಎರಡು ಕಾಲು: ಒಂದು ಉದ್ದ, ಒಂದು ಗಿಡ್ಡ. ಯಾವ ಕಾಲಿಗೆ ಯಾವ ತಂತಿ ಎಂಬುದು ತಪ್ಪಿದರೆ ದೀಪ ಹತ್ತದು. ಕರೆಂಟಿನ ಡಬ್ಬಿಯಿಂದ ಹೊರಟ ತಂತಿಗಳೆರಡೂ ಕಪ್ಪು. ಒಂದಕ್ಕೆ 'ಅಣ್ಣ' ಎಂದು ಅವನು ಚೀಟಿ ಅಂಟಿಸಿದ್ದ, ಇನ್ನೊಂದಕ್ಕೆ 'ತಮ್ಮ' ಎಂದು.

"ಉದ್ದ ಕಾಲು ಅಣ್ಣಂಗೆ, ಗಿಡ್ಡದು ತಮ್ಮಂಗೆ. ಇದರಲ್ಲೇನಿದೆ ವೇದಾಂತ?" ಎಂದೆ.

ಮೂರು ದಿನ ನಲವತ್ತು ದೀಪಗಳನ್ನು ಬೆಸೆದೆವು. "ದೊಡ್ಡಪ್ಪಾ, ಇದು ಬೆಸುಗೆ, ಅಂಗಿ ಗುಂಡಿಯ ಕಾಜಾ ಅಲ್ಲ. ಅಷ್ಟು ಸುತ್ತಬೇಡಿ!" ಎಂದು ಅವಳು ಗದರುತ್ತಲೇ ಇದ್ದಳು.

ಭಾನುವಾರ ಬೆಳಿಗ್ಗೆ ದೇವರನ್ನು ನೆನೆದು ಸ್ವಿಚ್ ಒತ್ತಿದೆ. ಒಂದೂ ಹತ್ತಲಿಲ್ಲ. ಯಂತ್ರ ಒಯ್ಯುವವರು ಹತ್ತು ಗಂಟೆಗೆ ಬರುವವರಿದ್ದರು. ಮಗಳು ಮುಖ ತಿರುಗಿಸಿಕೊಂಡಳು.

ಕಾಫಿ ತಂದ ತಮ್ಮನ ಹೆಂಡತಿ ಚೀಟಿಗಳನ್ನು ಬಗ್ಗಿ ಓದಿದಳು. "ಉದ್ದ ಕಾಲಿಗೆ ಯಾವ ತಂತಿ ಕೊಟ್ರಿ?"

"ಅಣ್ಣಂದು."

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು, "ತಪ್ಪು ತಿಳೀಬೇಡಿ ಭಾವ, ನಿಮ್ಮಿಬ್ಬರಲ್ಲಿ ಉದ್ದ ಯಾರು?" ಎಂದಳು.

ಮಗಳು ಹಾರಿಬಂದು, ಡಬ್ಬಿಯ ಬಾಯಲ್ಲಿ ಎರಡು ತಂತಿಗಳನ್ನು ಅದಲುಬದಲು ಮಾಡಿದಳು. ಹಲಗೆಯ ತುಂಬ ಹಳದಿ, ನೀಲಿ, ನಡುವೆ ಕೆಂಪಿನ ಸಾಲು ಒಮ್ಮೆಲೇ ಎದ್ದು ಕೂತವು.

"ಅಯ್ಯೋ ಪಾಪಿ! ಹೋದ ಮೇಲೂ ನನ್ನ ಗಿಡ್ಡತನ ಎತ್ತಿ ಆಡಿದ್ಯಲ್ಲೋ!" ಎಂದೆ. ಮೂವರೂ ನಕ್ಕೆವು, ನಗುತ್ತಲೇ ಕಣ್ಣು ಒರೆಸಿಕೊಂಡೆವು.

ತಮ್ಮನ ಹೆಂಡತಿ ಅದುವರೆಗೆ ಆ ಯಂತ್ರವನ್ನು ಮುಟ್ಟಿದವಳಲ್ಲ. ಸ್ಪ್ರಿಂಗ್ ಎಳೆದು ಬಿಟ್ಟಳು. ಗುಂಡು ಎರಡು ಸುತ್ತು ಹಾಕಿ ನೇರ ರೆಕ್ಕೆಗಳ ನಡುವಿನ ಗುಂಡಿಗೆ ಬಿತ್ತು.

"ಒಯ್ಯೋರಿಗೆ ಬರಬೇಡಿ ಅಂತ ಫೋನ್ ಮಾಡೇ" ಎಂದಳು ಮಗಳಿಗೆ. "ನಾನಿನ್ನೂ ಕಲೀಬೇಕು."

ಆ ಸಂಜೆ ಅಂಗಡಿಗೆ ಹೋಗಿ, ಪ್ಯಾಂಟಿನ ಉಳಿದ ಅಂಚನ್ನು ಹೊಲಿದು ಮುಗಿಸಿದೆ. ಮಡಿಸಿಟ್ಟು ಕೈ ಮುಗಿದೆ. ದೇವರೇ, ನಿನ್ನ ಮನೆಯ ಬಾಗಿಲು ಎತ್ತರವಾಗಿರಲಿ, ನನ್ನ ತಮ್ಮನ ತಲೆ ತಾಗದಿರಲಿ. ದುಡಿದ ಅವನ ಕೈಗೆ ವಿಶ್ರಾಂತಿ ಕೊಡು, ಅವನ ಆತ್ಮಕ್ಕೆ ಶಾಂತಿ ಕೊಡು.