ಜ್ವರ ಬಿಟ್ಟ ಮೇಲೆ

ರೇಷ್ಮೆ ಹುಳು ಹಣ್ಣಾದ ದಿನ ಮನೆಯವರಿಗೆ ಕೂತು ಒಂದು ಲೋಟ ಕಾಫಿ ಕುಡಿಯಲೂ ಪುರುಸೊತ್ತಿರುವುದಿಲ್ಲ. ಮೇವು ಬಿಟ್ಟು ಹಣ್ಣಾದ ಹುಳುಗಳನ್ನು ಅವತ್ತೇ ಆರಿಸಿ, ಗೂಡು ಕಟ್ಟಲು ಚಂದ್ರಿಕೆಗೆ, ಅಂದರೆ ಬಿದಿರಿನ ತಟ್ಟಿಗೆ, ಬಿಡಬೇಕು. ತಡವಾದರೆ ಸೊಪ್ಪಿನ ಮಧ್ಯದಲ್ಲೇ ನೂಲು ಸುತ್ತಿಕೊಂಡುಬಿಡುತ್ತವೆ. ಅಷ್ಟು ದಿನ ಪಟ್ಟ ಪಾಡು ಮಣ್ಣುಪಾಲು. ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ರಸ್ತೆಯಿಂದ ಒಳಕ್ಕಿರುವ ಒಂದು ಹಳ್ಳಿಯಲ್ಲಿ, ಸ್ವಾಮಿ ಮತ್ತು ಕವಿತ ಎಂಬ ಗಂಡ ಹೆಂಡತಿಯ ಮನೆಯಲ್ಲಿ, ಆ ಭಾನುವಾರ ಅಂಥ ದಿನ.

ಆದರೂ ಬೆಳಗಿನಿಂದ ಕವಿತಳ ಮನಸ್ಸು ಹಗುರವಾಗಿತ್ತು. ಮಗಳು ಬಿಂದುಶ್ರೀಗೆ ಜ್ವರ ಬಿಟ್ಟಿತ್ತು.

ಬಿಂದು ಇನ್ನೂ ಅಂಗನವಾಡಿಗೆ ಹೋಗುವ ಕೂಸು. ವಾರದ ನಡುವೆ ಇದ್ದಕ್ಕಿದ್ದಂತೆ ಮೈ ಕೆಂಡವಾಗಿತ್ತು. ಕಣ್ಣು ನೋವು, ಕಾಲು ನೋವು ಎಂದು ಅತ್ತಿದ್ದಳು. ಮಳವಳ್ಳಿಯ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದಾಗ ಡಾಕ್ಟರು ಜ್ವರದ ಸಿರಪ್ಪು ಬರೆದುಕೊಟ್ಟು, "ರಕ್ತ ಪರೀಕ್ಷೆ ಮಾಡಿಸಿ, ನಾಳೆ ಮತ್ತೆ ಕರ್ಕೊಂಡು ಬನ್ನಿ" ಎಂದಿದ್ದರು. ಮಾರನೆಯ ದಿನ ಹುಳುಗಳಿಗೆ ಸೊಪ್ಪು ಕೊಯ್ಯುವುದಿತ್ತು. ಅದರ ಮಾರನೆಯ ದಿನವೂ ಇತ್ತು. ಪರೀಕ್ಷೆ ಹಾಗೆಯೇ ಉಳಿಯಿತು. ಈಗ ನೋಡಿದರೆ ಹಣೆ ತಣ್ಣಗಿದೆ.

"ನಾನು ಯೋಳ್ನಿಲ್ವಾ?" ಎಂದಳು ಅತ್ತೆ ಚಲುವಮ್ಮ, ಹಣ್ಣಾದ ಹುಳುಗಳನ್ನು ಆರಿಸುತ್ತಾ. "ಅಮೃತಬಳ್ಳಿ ಕಸಾಯ ಕುಡುಸ್ದೆ, ಕಿತ್ಕೊಂಡು ಓಯ್ತು ಜ್ವರ. ರಕ್ತ ತೆಗುಸ್ಬೇಕಂತೆ ರಕ್ತ! ಇರೋದೇ ಒಂದ್ ಇಡಿ ಕೂಸು."

"ಬೆಳಿಗ್ಗೆಯಿಂದ ಕುಡ್ಸಿದ ಗಂಜಿ ಎಲ್ಲಾ ಕಕ್ಕುಬುಟ್ಳು ಅತ್ತೆ. ಒಟ್ಟೆ ನೋವು ಅಂತಾಳೆ."

"ಜ್ವರ ಬುಟ್ಟ ಮೈ ಕಣವ್ವ, ಸೋತಿರ್ತದೆ. ಮಲಿಕ್ಕೊಳ್ಳಿ ಬುಡು."

ಕವಿತ ಮತ್ತೆ ಹುಳು ಆರಿಸತೊಡಗಿದಳು. ಮಗು ಗಲಾಟೆ ಮಾಡದೆ ಮಲಗಿದ್ದೂ ಅವತ್ತಿನ ಕೆಲಸಕ್ಕೆ ಅನುಕೂಲವೇ ಆಗಿತ್ತು.

ಮಧ್ಯಾಹ್ನದ ಹೊತ್ತಿಗೆ ಪಕ್ಕದ ಬೀದಿಯ ವೀಣ ಬಂದಳು. ಕವಿತ ಮತ್ತು ಅವಳು ಒಂದೇ ಸ್ತ್ರೀಶಕ್ತಿ ಸಂಘದವರು. ಹುಳು ಹಣ್ಣಾದ ದಿನ ಒಬ್ಬರ ಮನೆಗೆ ಒಬ್ಬರು ಕೈಯಾಳಾಗುವುದು ಅವರಲ್ಲಿ ರೂಢಿ. ವೀಣ ಸೆರಗು ಸಿಕ್ಕಿಸಿಕೊಂಡು ಕೂತು ಹುಳು ಆರಿಸಲು ಶುರುಮಾಡಿ, ಸುತ್ತ ನೋಡಿದಳು.

"ಬಿಂದು ಎಲ್ಲಕ್ಕ? ನಾನು ಬಂದ್ರೆ ಬಾಗ್ಲಲ್ಲೇ ಸೆರಗು ಇಡ್ಕೊಳ್ಳೋಳು?"

"ಮಲ್ಗವಳೆ ಕಣೆ. ಜ್ವರ ಬಂದಿತ್ತು. ನೆನ್ನೆಯಿಂದ ಬುಟ್ಟೈತೆ."

ವೀಣಳ ಕೈ ಹಾಗೇ ನಿಂತಿತು. ಅವಳು ಎದ್ದು ಒಳಗೆ ಹೋದಳು. ಏನಾಯ್ತಪ್ಪ ಇವಳಿಗೆ ಎಂದುಕೊಂಡು ಕವಿತಳೂ ಹಿಂದೆ ಹೋದಳು. ವೀಣ ಮಗುವಿನ ಹಣೆ ಮುಟ್ಟಲಿಲ್ಲ. ಹೊದಿಕೆ ಸರಿಸಿ, ಎರಡೂ ಪಾದಗಳನ್ನು ಅಂಗೈಯಲ್ಲಿ ಹಿಡಿದುಕೊಂಡಳು.

"ಅಕ್ಕ, ಕಾಲು ಮುಟ್ಟಿಲ್ಲಿ."

ಕವಿತ ಮುಟ್ಟಿದಳು. ಮೇಲೆ ಸಿಮೆಂಟ್ ಶೀಟು ಬಿಸಿಲಿಗೆ ಕಾದು ಮನೆಯೆಲ್ಲ ಬೇಯುತ್ತಿತ್ತು. ಮಗುವಿನ ಪಾದ ಮಾತ್ರ ನೀರಿನ ಮಡಕೆಯ ಹಾಗೆ ತಣ್ಣಗೆ, ಒದ್ದೆ ಒದ್ದೆಯಾಗಿತ್ತು.

"ಉಚ್ಚೆ ಉಯ್ದವ್ಳಾ?"

ಕವಿತ ನೆನಪು ಮಾಡಿಕೊಂಡಳು. ಬೆಳಿಗ್ಗೆ ಇಲ್ಲ. ಆಮೇಲೂ ಇಲ್ಲ. "ಬಿಂದು... ಮಗಾ..." ಎಂದು ಕೂಗಿದಳು. ಮಗು ಅರ್ಧ ಕಣ್ಣು ತೆರೆದು, ಯಾರೆಂದು ಗೊತ್ತಾಗದವರ ಹಾಗೆ ನೋಡಿ, ಮತ್ತೆ ಮುಚ್ಚಿಕೊಂಡಿತು.

"ನಮ್ಮಣ್ಣನ ಮಗ ಅಪ್ಪು, ಗೊತ್ತಲ್ಲಕ್ಕ ನಿನ್ಗೆ?" ಎಂದಳು ವೀಣ, ಮಗುವಿನ ಪಾದ ಬಿಡದೆ.

ಕವಿತಳಿಗೆ ಗೊತ್ತಿತ್ತು. ಹೋದ ಮಳೆಗಾಲದಲ್ಲಿ ಸತ್ತ ಮಗು. ವೀಣಳ ತವರು ದುದ್ದಕ್ಕೆ ಹೋಗಿ ಮಣ್ಣು ಹಾಕಿ ಬಂದಿದ್ದಳು. "ಜ್ವರ ಬಂದು ಓದ ಅಂದಿದ್ರಲ್ಲ?"

"ಜ್ವರ ಬಂದಾಗ ಓಗ್ನಿಲ್ಲ ಕಣಕ್ಕ. ಬುಟ್ಟ ಮ್ಯಾಲೆ ಓದ. ವಾಸಿ ಆಯ್ತು ಅಂತ ಅತ್ಗೆ ಪಾಯ್ಸ ಮಾಡಿದ್ಲು. ಇಂಗೇ ಮಲ್ಗಿದ್ದ. ಇಂಗೇ ಕಾಲು ತಣ್ಣಗಿದ್ವು. ಸಂಜೆ ಒತ್ಗೆ ಕೂಸಿಲ್ಲ."

ಬಾಗಿಲಲ್ಲಿ ನಿಂತಿದ್ದ ಚಲುವಮ್ಮನಿಗೆ ಮೈ ಉರಿದುಹೋಯಿತು. "ಬುಡ್ತು ಅನ್ನೆ! ಬುಡ್ತು ಅನ್ನು! ವಾಸಿಯಾಗಿರೋ ಕೂಸ್ನ ಮುಂದೆ ಎಂಥಾ ಮಾತಾಡ್ತೀಯೆ?"

ಸ್ವಾಮಿ ಕೈಯಲ್ಲಿ ಚಂದ್ರಿಕೆ ಹಿಡಿದುಕೊಂಡೇ ಬಂದ. "ಇದೊಂದು ಒತ್ತು ತಡ್ಕೊಳಮ್ಮಿ. ಹುಳ ಬುಟ್ಬುಟ್ಟು ಸಾಯಂಕಾಲ ಓಗವ."

ಕವಿತ ಅವನ ಮುಖ ನೋಡಿದಳು. ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಸೀದಾ ಅಂಗಳಕ್ಕೆ ನಡೆದಳು. "ಹುಳ ಸತ್ರೆ ಸಾಯ್ಲಿ. ಗಾಡಿ ತಗೀರಿ." ಅತ್ತೆಯ ಎದುರು ಅವಳು ಹಿಂದೆಂದೂ ಹಾಗೆ ಮಾತಾಡಿರಲಿಲ್ಲ.

"ಬೈಕಲ್ಲಿ ಬ್ಯಾಡ ಕಣಣ್ಣ, ನೂರೆಂಟಕ್ಕೆ ಫೋನ್ ಮಾಡ್ತಿದ್ದೀನಿ, ವಸಿ ಇರು!" ವೀಣ ಹೊರಗೆ ಓಡಿಬಂದಳು.

"ಅದು ಬರೋ ಗಂಟ ಕಾಯ್ಕೊಂಡು ಕೂತಿರಕ್ಕಾಯ್ತದಾ?"

"ಅಂಗಾರೆ ಸರ್ಕಾರಿ ಆಸ್ಪತ್ರೆಗೇ ಓಗು ಸ್ವಾಮಣ್ಣ, ಬ್ಯಾರೆ ಕಡೆ ಅಲೀಬ್ಯಾಡ!"

"ಭಾನುವಾರ ಅಲ್ಲಿ ಯಾರವ್ರೆ ನೋಡಕ್ಕೆ?" ಎನ್ನುತ್ತಲೇ ಸ್ವಾಮಿ ಬೈಕು ಬಿಟ್ಟ.

ಮಳವಳ್ಳಿಯ ಕ್ಲಿನಿಕ್ಕಿನ ಷಟರು ಎಳೆದಿತ್ತು. ಸ್ವಾಮಿ ಷಟರು ಬಡಿದ. ಪಕ್ಕದ ಅಂಗಡಿಯವನು ತಲೆ ಹೊರಗೆ ಹಾಕಿ, "ಭಾನುವಾರ ಅಲ್ವಾ, ಇವತ್ತು ಇಲ್ಲ" ಎಂದ.

ಅಲ್ಲಿಂದ ಒಂದು ನರ್ಸಿಂಗ್ ಹೋಮಿಗೆ ಹೋದರು. ಗಾಜಿನ ಬಾಗಿಲು, ತಣ್ಣನೆಯ ನೆಲ. ನರ್ಸು ಮಗುವಿನ ಮಣಿಕಟ್ಟು ಹಿಡಿದು ನೋಡಿದಳು. ಆ ಕೈ ಬಿಟ್ಟು ಈ ಕೈ ಹಿಡಿದಳು. ಅವಳ ಮುಖ ಬದಲಾದದ್ದನ್ನು ಕವಿತ ಕಂಡಳು. ಒಳಗೆ ಹೋದ ನರ್ಸು ವಾಪಸ್ಸು ಬರಲಿಲ್ಲ. ಒಬ್ಬ ಗಂಡಸು ಬಂದು, "ಇಲ್ಲಿ ಮಕ್ಕಳ ಡಾಕ್ಟರಿಲ್ಲ. ಬೆಡ್ಡೂ ಇಲ್ಲ. ಮಂಡ್ಯಕ್ಕೋ ಮೈಸೂರಿಗೋ ಕರ್ಕೊಂಡು ಹೋಗಿ" ಎಂದ.

"ಒಂದು ಡ್ರಿಪ್ಪಾದ್ರೂ ಆಕಿ ಸಾರ್, ಕೈ ಮುಗೀತೀನಿ."

"ಇಲ್ಲಿ ಏನಾದ್ರೂ ಆದ್ರೆ ನಮ್ಮ ತಲೆಗೆ ಬರ್ತದೆ. ಮೊದಲು ಹೊರಡಿ."

ಏನಾದ್ರೂ ಆದ್ರೆ. ಆ ಮಾತು ಕೇಳಿ ಕವಿತಳ ಕಾಲು ನಿಂತಲ್ಲೇ ನೆಟ್ಟುಕೊಂಡಿತು. ಏನಾಗುತ್ತದೆ? ನೆನ್ನೆಯೇ ಜ್ವರ ಬಿಟ್ಟ ಮಗು ಇದು. ಬೆಳಿಗ್ಗೆ ನಾನು ಸಂತೋಷವಾಗಿದ್ದೆ. ಸ್ವಾಮಿ ತೋಳು ಹಿಡಿದು ಎಳೆದ ಮೇಲೆಯೇ ಅವಳು ಅಲ್ಲಿಂದ ಕದಲಿದ್ದು. ಗಾಜಿನ ಬಾಗಿಲು ಅವರ ಹಿಂದೆ ಸದ್ದಿಲ್ಲದೆ ಮುಚ್ಚಿಕೊಂಡಿತು.

ಮತ್ತೊಂದು ಕಡೆ ಹೋದರು. ಅಲ್ಲಿ ಕಾಂಪೌಂಡರು ಒಬ್ಬನೇ ಇದ್ದ. "ನಾಳೆ ಬನ್ನಿ" ಎಂದ. ಕವಿತ ಮಗುವನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಾಯಿಸಿದಾಗ ತನ್ನ ರವಿಕೆಯ ಮೇಲೆ ಒದ್ದೆ ಕಂಡಿತು. ಜೊಲ್ಲು ಎಂದುಕೊಂಡಳು. ನೋಡಿದರೆ ಕೆಂಪಗಿತ್ತು. ಮಗುವಿನ ಒಸಡಿನಿಂದ ರಕ್ತ ಬರುತ್ತಿತ್ತು.

ಅವಳು ಸೆರಗಿನ ತುದಿಯಿಂದ ಮಗುವಿನ ಬಾಯಿ ಒರೆಸಿದಳು. ಸ್ವಾಮಿ ಬೈಕಿನ ಪಕ್ಕ ರಸ್ತೆಯಲ್ಲೇ ಕುಸಿದು ಕೂತ. ಅವನ ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ಕವಿತಳೇ ಬಗ್ಗಿ ತೆಗೆದಳು.

"ಎಲ್ಲಿದ್ದೀರಕ್ಕ?" ವೀಣ ಕಿರುಚುತ್ತಿದ್ದಳು. "ಆಂಬುಲೆನ್ಸು ಮನೆ ಮುಂದೆ ನಿಂತೈತೆ! ನೀವು ಆಚೆಗೋಗಿ ವಸಿ ಒತ್ಗೆಲ್ಲ ಬಂತು!"

ತಾವು ಊರೆಲ್ಲ ಅಲೆಯುವಾಗ ಗಾಡಿ ಮನೆ ಬಾಗಿಲಿಗೆ ಬಂದಿತ್ತು.

"ಅವರನ್ನ ಸರ್ಕಾರಿ ಆಸ್ಪತ್ರೆಗೇ ಕಳುಸ್ತೀನಿ. ನೀವೂ ಅಲ್ಲಿಗೇ ಓಗಿ. ಎಲ್ಲೂ ನಿಲ್ಲಬ್ಯಾಡಿ."

ಸರ್ಕಾರಿ ಆಸ್ಪತ್ರೆಯ ಗೇಟು ದೂರವಿರಲಿಲ್ಲ. ಕ್ಲಿನಿಕ್ಕಿಗೆ ಹೋಗುವಾಗ ಒಂದು ಸಲ, ನರ್ಸಿಂಗ್ ಹೋಮಿಗೆ ಹೋಗುವಾಗ ಇನ್ನೊಂದು ಸಲ ಅದರ ಮುಂದೆಯೇ ಹಾದುಹೋಗಿದ್ದರು.

ಅಲ್ಲಿ ತುರ್ತು ಚಿಕಿತ್ಸೆಯ ಕೊಠಡಿಯಲ್ಲಿ ಡ್ಯೂಟಿ ಡಾಕ್ಟರಮ್ಮ ಇದ್ದರು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಮಗುವನ್ನು ಮಂಚದ ಮೇಲೆ ಮಲಗಿಸಿಕೊಂಡು ಕೇಳಿದ ಮೊದಲ ಮಾತು, "ಜ್ವರ ಯಾವಾಗ ಬಿಟ್ಟಿತು?"

ಕವಿತ ಬೆಚ್ಚಿದಳು. ಜ್ವರ ಯಾವಾಗ ಬಂತು ಎಂದು ಕೇಳುವವರನ್ನು ಕಂಡಿದ್ದಳು. ಬಿಟ್ಟಿದ್ದಕ್ಕೆ ಗಾಬರಿಯಾದವರು, ವೀಣಳೂ ಸೇರಿ, ಅವತ್ತು ಇಬ್ಬರಾದರು.

ಕೈಯಲ್ಲಿ ನರ ಸಿಗಲಿಲ್ಲ. ಇನ್ನೊಂದು ಕೈಯಲ್ಲೂ ಸಿಗಲಿಲ್ಲ. ಸೂಜಿ ಚುಚ್ಚಿದರೂ ಮಗು ಅಳಲಿಲ್ಲ. ಅಳದಿರುವುದನ್ನು ನೋಡುತ್ತಾ ನಿಲ್ಲುವುದು ಕವಿತಳಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಕೊನೆಗೆ ಪಾದದಲ್ಲಿ ನರ ಸಿಕ್ಕಿ ಡ್ರಿಪ್ಪು ಹರಿಯಿತು.

"ಡೆಂಗಿ ಇದ್ದ ಹಾಗಿದೆಯಮ್ಮ," ಎಂದರು ಡಾಕ್ಟರಮ್ಮ, ಡ್ರಿಪ್ಪಿನ ಮೇಲೇ ಕಣ್ಣಿಟ್ಟು. "ಜ್ವರ ಬಿಡೋ ಹೊತ್ತಲ್ಲೇ ಕೆಲವು ಮಕ್ಕಳಿಗೆ ರಕ್ತನಾಳದಿಂದ ನೀರಿನಂಶ ಸೋರೋಕೆ ಶುರುವಾಗತ್ತೆ. ಬಿಪಿ ಬಿದ್ದುಹೋಗತ್ತೆ, ಕೈಕಾಲು ತಣ್ಣಗಾಗತ್ತೆ. ನೋಡೋರಿಗೆ ಜ್ವರ ವಾಸಿ ಆಯ್ತು ಅನ್ನಿಸತ್ತೆ."

"ಬುಟ್ಟೈತೆ ಅಂತ ಖುಷಿಯಾಗಿದ್ವಲ್ಲ ಮೇಡಂ..." ಎಂದ ಸ್ವಾಮಿ.

ಡಾಕ್ಟರಮ್ಮ ಮಂಡ್ಯದ ದೊಡ್ಡಾಸ್ಪತ್ರೆಗೆ ಫೋನು ಮಾಡಿ, ಮಕ್ಕಳ ವಿಭಾಗದಲ್ಲಿ ಹಾಸಿಗೆ ಇಡಲು ಹೇಳಿದರು. ಅಷ್ಟರಲ್ಲಿ ವೀಣ ಕಳಿಸಿದ ಆಂಬುಲೆನ್ಸು ಬಂದಿತ್ತು. ಡ್ರಿಪ್ಪು, ಆಕ್ಸಿಜನ್ನು ಹಾಕಿಕೊಂಡೇ ಹೊರಟರು. ದಾರಿಯುದ್ದಕ್ಕೂ ಒಳಗಿದ್ದ ಸಿಬ್ಬಂದಿ ಮಗುವಿನ ನಾಡಿ ನೋಡುತ್ತಲೇ ಇದ್ದರು. ಬೈಕಿನ ಮೇಲೆ ಮಂಡ್ಯದವರೆಗೂ ಹೋಗಿದ್ದರೆ ಎಂದು ಯೋಚಿಸಿ ಕವಿತ ಕಣ್ಣು ಮುಚ್ಚಿಕೊಂಡಳು.

ಮಂಡ್ಯದಲ್ಲಿ ಗೇಟಿನಲ್ಲೇ ಸ್ಟ್ರೆಚರ್ ಕಾಯುತ್ತಿತ್ತು. ಐಸಿಯು ಬಾಗಿಲು ಮುಚ್ಚಿತು. ಹೊರಗೆ ಬೆಂಚಿನ ಮೇಲೆ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡದೆ ಕೂತರು. ಒಳಗಿಂದ ಬಂದ ಮಕ್ಕಳ ಡಾಕ್ಟರು, "ಮಳವಳ್ಳೀಲಿ ಡ್ರಿಪ್ಪು ಶುರು ಮಾಡಿದ್ದಕ್ಕೆ ಇಲ್ಲೀತನಕ ಬಂದಿದೆ. ಇನ್ನೂ ಏನೂ ಹೇಳೋಕಾಗಲ್ಲ" ಎಂದು ಹೋದರು.

ಎಷ್ಟು ಹೊತ್ತಾಯಿತೋ. ನರ್ಸೊಬ್ಬಳು ಬಾಗಿಲು ತೆರೆದು ನಗುತ್ತಾ ಬಂದಳು. "ಬಿಂದುಶ್ರೀ ತಾಯಿ ಯಾರು? ಮಗು ಉಚ್ಚೆ ಮಾಡಿತಮ್ಮ."

ಸ್ವಾಮಿಗೆ ಅರ್ಥವಾಗಲಿಲ್ಲ. ಮಧ್ಯಾಹ್ನ ವೀಣ ಕೇಳಿದ್ದು ನೆನಪಾಗಿ ಕವಿತಳಿಗೆ ಅರ್ಥವಾಯಿತು. ಅವತ್ತು ಅವಳು ಮೊದಲ ಸಲ ಜೋರಾಗಿ ಅತ್ತಳು.

ಮಾರನೆಯ ದಿನ ವೀಣಳ ಜೊತೆ ಬಸ್ಸಿನಲ್ಲಿ ಚಲುವಮ್ಮ ಬಂದಳು. ಹುಳುಗಳನ್ನು ಸಂಘದ ಹೆಂಗಸರೆಲ್ಲ ಸೇರಿ ಚಂದ್ರಿಕೆಗೆ ಬಿಟ್ಟರೆಂದು ವೀಣ ಹೇಳಿದ್ದು ಯಾರ ಕಿವಿಗೂ ಹೋಗಲಿಲ್ಲ. ಚಲುವಮ್ಮ ಮೊಮ್ಮಗಳ ಕಾಲ ಬಳಿ ನಿಂತು, ಹೊದಿಕೆಯ ಒಳಗೆ ಕೈ ತೂರಿಸಿ ಪಾದ ಹಿಡಿದುಕೊಂಡಳು. ಬೆಚ್ಚಗಿತ್ತು.

"ಕಸಾಯ ಕುಡ್ಸಿ ನಾನೇ ಕಳ್ಕೊಂಬುಡ್ತಿದ್ದೆ ಕಣೆ ವೀಣ," ಎಂದಳು. "ನಿನ್ನ ಬಾಯ್ಗೆ ಬಂದಂಗೆ ಅಂದ್ನಲ್ಲೆ."

"ಅನ್ನಿ ಅತ್ತೆ, ಏನಾಯ್ತೀಗ. ನಮ್ಮ ಅಪ್ಪೂಗೆ ಯೋಳೋರು ಯಾರೂ ಇರ್ನಿಲ್ಲ."



ಕೆಲವು ದಿನಗಳ ಮೇಲೆ ಬಿಂದು ಮನೆಗೆ ಬಂದಳು. ಕವಿತ ಮಾತ್ರ ಈಗಲೂ ಮಗಳು ಮಧ್ಯಾಹ್ನ ಮಲಗಿದರೆ ಹೋಗಿ ಹೋಗಿ ಮುಟ್ಟಿ ನೋಡುತ್ತಾಳೆ. ಮೊನ್ನೆ ಕೊನೆ ಮನೆಯ ಬೆಳ್ಳಮ್ಮನ ಮೊಮ್ಮಗನಿಗೆ ಜ್ವರ ಎಂದು ಕೇಳಿ, ಯಾರೂ ಹೇಳದೆ ಚಲುವಮ್ಮನೇ ಎದ್ದು ಹೋದಳು.

"ಬುಟ್ಟೋಯ್ತು ಕಣಕ್ಕ, ಈಗ ತಣ್ಣಗವನೆ," ಎಂದಳು ಬೆಳ್ಳಮ್ಮ.

"ಬುಟ್ಟೋಗಿದ್ಕೇ ಬಂದಿರೋದು ನಾನು. ಸರಿ ಆಚೆಗೆ, ಕೂಸ್ನ ಕಾಲು ತೋರ್ಸು."

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ಅಣ್ಣಂದಿರೇ, ಡೆಂಗಿ ಬಂದ ಮಕ್ಕಳಲ್ಲಿ ಹೆಚ್ಚಿನವರು ಗುಣವಾಗುತ್ತಾರೆ. ಆದರೆ ಜ್ವರ ಇಳಿದ ಮೇಲಿನ ಒಂದೆರಡು ದಿನ ಮೈಮರೆಯಬೇಡಿ. ಮಗುವಿಗೆ ಜ್ವರ ಬಂದರೆ ರಕ್ತ ಪರೀಕ್ಷೆಯನ್ನು ನಾಳೆಗೆ ತಳ್ಳಬೇಡಿ. ಗಂಜಿ, ಎಳನೀರು, ಓಆರ್‌ಎಸ್ ಕುಡಿಸುತ್ತಿರಿ. ಡಾಕ್ಟರು ಹೇಳಿದ ಜ್ವರದ ಔಷಧಿ ಬಿಟ್ಟು ಬೇರೆ ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ಕೊಡಬೇಡಿ. ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಮೂಗು ಒಸಡಿನಲ್ಲಿ ರಕ್ತ, ಮಂಕು, ಚಡಪಡಿಕೆ, ತಣ್ಣನೆಯ ಕೈಕಾಲು, ಹೊತ್ತಾದರೂ ಉಚ್ಚೆ ಮಾಡದಿರುವುದು, ಇವುಗಳಲ್ಲಿ ಒಂದು ಕಂಡರೂ ಸಾಕು, 108ಕ್ಕೆ ಫೋನು ಮಾಡಿ. ಅವರು ಹೇಳಿದಂತೆ ಮಾಡಿ. ನೀವೇ ಹೊರಡುವಂತಾದರೆ ಬಾಗಿಲು ಬಾಗಿಲು ಅಲೆಯದೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ನೇರ ಹೋಗಿ. ಮನೆಯ ಡ್ರಮ್ಮು, ತೊಟ್ಟಿಗಳಿಗೆ ಇವತ್ತೇ ಮುಚ್ಚಳ ಹಾಕಿ, ಸೊಳ್ಳೆ ಹುಟ್ಟುವುದು ಅಲ್ಲೇ.

ಮಗುವಿನ ಹಣೆ ತಣ್ಣಗಿದೆ ಎಂದು ಸಮಾಧಾನ ಪಡುವ ಮೊದಲು, ದಯವಿಟ್ಟು ಒಂದು ಸಲ ಅದರ ಪಾದ ಮುಟ್ಟಿ ನೋಡಿ.